ಕೆಂಪು ಬೆರೆ ಟೊಪ್ಪಿಯ ಮಿಲಿಟರಿ ಪೊಲೀಸರ ಕೈ ಸಿವಿಲಿಯನ್ನರ ಮೇಲೆ ಎಲ್ಲಿಯವರೆಗೆ ನಡೆಯುತ್ತೆ?

ಹಲಸೂರು_ಕೆರೆ
ಹಲಸೂರು ಕಡೆ ಹೋದರೆ ಸೇನೆಯ ಎಂಜಿನಿಯರ್ ದಳ ಎಂಇಜಿ, ಅಗರಂ ಕಡೆ ಸರಬರಾಜು ದಳ ಎಎಸ್‌ಸಿ, ಜಾಲಹಳ್ಳಿಗೆ ಹೋದರೆ ವಾಯುಪಡೆ. ಬೆಂಗಳೂರಿನ ಹೊಟ್ಟೆಯೊಳಗೇ ಸೇನೆಯ ಜಾಗ ಇರೋದರಿಂದ ಈ ಪ್ರಶ್ನೆ ಇಲ್ಲಿ ಆಗಾಗ ಬರುತ್ತೆ, ಪ್ರತಿ ಸಲವೂ ಅರ್ಧಂಬರ್ಧ ಉತ್ತರ ಸಿಕ್ಕಿ ಮುಚ್ಚಿಹೋಗುತ್ತೆ. ತೋಳಿಗೆ ಕಪ್ಪು ಪಟ್ಟಿ, ಅದರ ಮೇಲೆ ಕೆಂಪಕ್ಷರದಲ್ಲಿ ಎಂಪಿ, ಅಂದರೆ ಮಿಲಿಟರಿ ಪೊಲೀಸ್, ತಲೆಗೆ ಕೆಂಪು ಬೆರೆ. ಹೀಗಿರೋ ಜವಾನ ರಸ್ತೆಯಲ್ಲಿ ಕೈ ಅಡ್ಡ ಹಾಕಿ ಬೈಕ್ ನಿಲ್ಲಿಸಿ ಲೈಸೆನ್ಸ್ ಕೇಳಿದರೆ, ಸೇನೆಗೆ ಸಂಬಂಧವೇ ಇಲ್ಲದವರು ಕೊಡಲೇಬೇಕಾ? ಕೊಡದಿದ್ದರೆ ಹಿಡಿದು ಕೂರಿಸಬಹುದಾ? ದಂಡ ಹಾಕಬಹುದಾ? ಫೋನ್ ಕಿತ್ಕೊಳ್ಳಬಹುದಾ? "ಆರ್ಮಿ ಏರಿಯಾ ಗುರು, ಅಲ್ಲಿ ಅವರದ್ದೇ ಕಾನೂನು" ಅನ್ನೋ ಮಾತು ಎಷ್ಟು ನಿಜ?

ಕಲಂ_107
ಸೇನಾ ಕಾಯ್ದೆ 1950ರ 107ನೇ ಕಲಂ ಓದಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಕಾನೂನಿನ ಕಣ್ಣಲ್ಲಿ ಮಿಲಿಟರಿ ಪೊಲೀಸ್ ಅಂದರೆ ಪ್ರೊವೋಸ್ಟ್ ಮಾರ್ಷಲ್, ಇಲ್ಲವೇ ಅವರ ಪರವಾಗಿ ಕೆಲಸ ಮಾಡುವವರು. ಕಾವಲಿನಲ್ಲಿ ಇಟ್ಟವರ ಜವಾಬ್ದಾರಿ ಅವರದು. ಸೇನೆಯಲ್ಲಿ ಇರುವವರ, ಸೇನೆಗೆ ಲಗತ್ತಾದವರ ಶಿಸ್ತು ಕಾಯುವುದು ಅವರದು. ಹಿಡಿಯುವ ಅಧಿಕಾರವೂ ಇದೆ, ಆದರೆ ಆ ವಾಕ್ಯದಲ್ಲಿ ಇರೋದು "ಈ ಕಾಯ್ದೆಗೆ ಒಳಪಟ್ಟ ಯಾವುದೇ ವ್ಯಕ್ತಿ" ಅಂತ, ಬರೀ "ಯಾವುದೇ ವ್ಯಕ್ತಿ" ಅಂತ ಅಲ್ಲ. "ಈ ಕಾಯ್ದೆಗೆ ಒಳಪಟ್ಟ" ಅನ್ನೋ ಪದಗಳಲ್ಲೇ ಗೆರೆ ಎಳೆದಿದೆ.

ಸೇನೆಯ ಒಳಗೂ ಅವರಿಗೆ ಲಗಾಮು ಇದೆ. ಆಫೀಸರ್ ಒಬ್ಬರನ್ನು ಇನ್ನೊಬ್ಬ ಆಫೀಸರ್ ಆದೇಶ ಇಲ್ಲದೆ ಹಿಡಿಯುವಂತಿಲ್ಲ. ಸ್ವಂತ ಅಧಿಕಾರದಿಂದ ಯಾರಿಗೂ ಶಿಕ್ಷೆ ಕೊಡುವಂತಿಲ್ಲ. "ಉಠಕ್ ಬೈಠಕ್ ಮಾಡಿಸಿದರು" ಅಂತೆಲ್ಲ ಕೇಳುತ್ತೇವಲ್ಲ, ಅದು ಜವಾನನಿಗೆ ಮಾಡಿಸಿದರೂ ಕಾನೂನುಬಾಹಿರ, ಸಿವಿಲಿಯನ್ನರ ಮಾತಂತೂ ಬಿಡಿ.

ಹೆಸರಿನಲ್ಲಿ "ಪೊಲೀಸ್" ಇರೋದೇ ಗೊಂದಲದ ಬೇರು. ನಮ್ಮಲ್ಲಿ ಪೊಲೀಸ್ ರಾಜ್ಯದ ವಿಷಯ, ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 2ನೇ ನಮೂದು. ಕರ್ನಾಟಕ ಪೊಲೀಸ್ ಕಾಯ್ದೆ 1963ರಡಿ ನೇಮಕವಾದವರು ಪೊಲೀಸರು. ಕೋರ್ ಆಫ್ ಮಿಲಿಟರಿ ಪೊಲೀಸ್ ಸೇನೆಯ ಒಂದು ದಳ, ಅದರ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಸಿವಿಲಿಯನ್ ಎದುರು ನಿಂತಾಗ ಎಂಪಿ ಕೂಡ ಕಾನೂನಿನಲ್ಲಿ ಒಬ್ಬ "ಖಾಸಗಿ ವ್ಯಕ್ತಿ". ಸಮವಸ್ತ್ರ ಇದ್ದ ಮಾತ್ರಕ್ಕೆ ಅದು ಬದಲಾಗಲ್ಲ.

ಗೇಟ್‌ಪಾಸ್
ಲೈಸೆನ್ಸ್ ವಿಷಯಕ್ಕೆ ಬರೋಣ. ಮೋಟಾರು ವಾಹನ ಕಾಯ್ದೆ 1988ರ 130ನೇ ಕಲಂ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಬೇಕು. 119ನೇ ಕಲಂ ಪ್ರಕಾರ ಸಂಚಾರ ನಿಯಂತ್ರಣದಲ್ಲಿರುವ ಪೊಲೀಸ್ ಅಧಿಕಾರಿಯ ಸೂಚನೆ ಪಾಲಿಸಬೇಕು. ಉಸಿರು ಪರೀಕ್ಷೆ 203ನೇ ಕಲಂ, ಅದೂ ಸಮವಸ್ತ್ರದ ಪೊಲೀಸ್ ಅಥವಾ ಅಧಿಕಾರ ಪಡೆದ ಸಾರಿಗೆ ಇಲಾಖೆಯವರು. ಗಾಡಿ ಜಪ್ತಿ 207ನೇ ಕಲಂ, ಪೊಲೀಸ್ ಅಥವಾ ರಾಜ್ಯ ಸರ್ಕಾರ ಅಧಿಕಾರ ಕೊಟ್ಟವರು. ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳೋದು 200ನೇ ಕಲಂ, ಅದಕ್ಕೂ ರಾಜ್ಯ ಸರ್ಕಾರದ ಅಧಿಸೂಚನೆ ಬೇಕು. ಈ ಸಾಲಿನಲ್ಲಿ ಎಂಪಿ ಎಲ್ಲೂ ಇಲ್ಲ.

ಹಾಗಾಗಿ ಎಂಪಿ ಕೈಗೆ ದುಡ್ಡು ಕೊಟ್ಟರೆ ಅದು ದಂಡವೂ ಅಲ್ಲ, ರಸೀದಿಯೂ ಇರಲ್ಲ. ಅವರು ಬರೆಯುವ ಚೀಟಿ ಜವಾನರಿಗೆ: ಹೆಲ್ಮೆಟ್ ಇಲ್ಲದೆ ಹೋದ ಸಿಪಾಯಿಯ ನಂಬರ್, ಹೆಸರು, ಯೂನಿಟ್ ಬರೆದುಕೊಂಡು ಅವನ ಕಮಾಂಡಿಂಗ್ ಆಫೀಸರ್‌ಗೆ ಕಳಿಸುತ್ತಾರೆ. ಬಾಣದ ಗುರುತಿನ ನಂಬರ್ ಪ್ಲೇಟ್ ಇರುವ ಸೇನಾ ವಾಹನ ನಿಲ್ಲಿಸಿ ಡ್ಯೂಟಿ ಕಾಗದ ನೋಡೋದೂ ಅವರ ಕೆಲಸ. ಬೆಂಗಳೂರಿನಲ್ಲಿ ಬಹುತೇಕ ತಪಾಸಣೆ ಇದಕ್ಕೇ. ಕೂದಲು ಗಿಡ್ಡ ಬಿಟ್ಟವರನ್ನ ಸಿಪಾಯಿ ಅಂದುಕೊಂಡು ನಿಲ್ಲಿಸೋದು ಉಂಟು. "ನಾನು ಸಿವಿಲಿಯನ್" ಅಂದರೆ ಸಾಮಾನ್ಯವಾಗಿ ಅಲ್ಲಿಗೆ ಮುಗೀತು.

ಹಲಸೂರು_ಕೆರೆ
ಸಿವಿಲಿಯನ್ ಅಂತ ಸಾಬೀತು ಮಾಡೋಕೆ ಗುರುತಿನ ಚೀಟಿ ಕೇಳಿದರೆ? ಅಲ್ಲಿಗೆ ಸುತ್ತಿ ಬಳಸಿ ಅದೇ ಆಯ್ತಲ್ಲ.

ಗೇಟ್‌ಪಾಸ್
ಕೇಳಬಹುದು, ಕೇಳೋಕೆ ಯಾರ ಅಪ್ಪಣೆಯೂ ಬೇಡ. ಕೊಡಲೇಬೇಕು ಅನ್ನೋ ಕಾನೂನು ಮಾತ್ರ ಇಲ್ಲ. ಆದರೂ ತೋರಿಸಿ ಹೋಗೋದು ಜಾಣತನ, ಎರಡು ನಿಮಿಷದ ಕೆಲಸಕ್ಕೆ ಅರ್ಧ ದಿನ ಯಾಕೆ? ತೋರಿಸಿ, ಕೈಗೆ ಕೊಡಬೇಡಿ.

ವಕೀಲರ_ಗುಮಾಸ್ತ
ರಸ್ತೆ ಬೇರೆ, ಗೇಟು ಬೇರೆ ಅನ್ನೋದನ್ನ ಮರೆಯಬಾರದು. ಗೇಟಿನಲ್ಲಿ ಸೇನೆ ಜಾಗದ ಯಜಮಾನ. ಒಳಗೆ ಹೋಗಬೇಕಾದರೆ ಡಿಕ್ಕಿ ತೆಗೆದು ತೋರಿಸಿ, ಫೋನ್ ಇಲ್ಲಿಟ್ಟು ಹೋಗಿ, ಹೆಲ್ಮೆಟ್ ಹಾಕಿ ಅಂತ ಷರತ್ತು ಹಾಕಬಹುದು. ಒಪ್ಪದಿದ್ದರೆ ಒಳಗೆ ಬಿಡಲ್ಲ, ಅಷ್ಟೇ. ಒಪ್ಪದೇ ವಾಪಸ್ ಹೊರಟವರನ್ನು ಹಿಡಿದುಕೊಳ್ಳುವ ಅಧಿಕಾರ ಹುಟ್ಟಲ್ಲ.

ಇನ್ನು ಖಾಸಗಿ ವ್ಯಕ್ತಿ ಮಾಡುವ ದಸ್ತಗಿರಿ. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 40ನೇ ಕಲಂ, ಹಳೆಯ ಸಿಆರ್‌ಪಿಸಿಯ 43. 2024ರ ಜುಲೈ 1ರಿಂದ ಹೊಸದು ಜಾರಿಯಲ್ಲಿದೆ. ಷರತ್ತು ಬಿಗಿಯಾಗಿವೆ: ಅಪರಾಧ ತನ್ನ ಕಣ್ಣೆದುರೇ ನಡೆದಿರಬೇಕು, ಅದು ಸಂಜ್ಞೇಯವೂ (ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ್ದು) ಆಗಿರಬೇಕು, ಜಾಮೀನುರಹಿತವೂ ಆಗಿರಬೇಕು. ಎರಡರಲ್ಲಿ ಒಂದಿದ್ದರೆ ಸಾಲದು. ಇಲ್ಲವೇ ಆತ ಘೋಷಿತ ಅಪರಾಧಿಯಾಗಿರಬೇಕು. ಹಿಡಿದ ಮೇಲೆ ಅನಗತ್ಯ ತಡ ಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹಳೆಯ ಕಾನೂನಿನಲ್ಲಿ ಈ ಆರು ಗಂಟೆಯ ಲೆಕ್ಕ ಇರಲಿಲ್ಲ.

ಈಗ ಇದನ್ನ ಗೋಡೆ ಹಾರಿ ಒಳಗೆ ಬಂದ ಹುಡುಗನಿಗೆ ಅನ್ವಯಿಸಿ ನೋಡಿ. ಅಪರಾಧಿಕ ಅತಿಕ್ರಮ ಪ್ರವೇಶ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ 329, ಮೂರು ತಿಂಗಳವರೆಗೆ ಸಜೆ. ಸಂಜ್ಞೇಯ ಹೌದು, ಆದರೆ ಜಾಮೀನು ಸಿಗುವಂಥದ್ದು. ಅಂದರೆ 40ನೇ ಕಲಮಿನಡಿ ಹಿಡಿಯೋಕೇ ಬರಲ್ಲ! ಸೇನೆಯವರು ಆಸ್ತಿ ರಕ್ಷಣೆಯ ಹಕ್ಕಿನಲ್ಲಿ ಅವನನ್ನು ತಡೆಯಬಹುದು, ಹೊರಗೆ ಹಾಕಬಹುದು, ಬೇಕಾದಷ್ಟೇ ಬಲ ಬಳಸಿ. ಪೊಲೀಸರನ್ನ ಕರೆಯಬಹುದು. ರಾತ್ರಿಯೆಲ್ಲ ಕ್ವಾರ್ಟರ್ ಗಾರ್ಡ್‌ನಲ್ಲಿ (ಯೂನಿಟ್ಟಿನ ಕಾವಲು ಕೋಣೆ) ಕೂರಿಸಿ ಬೆಳಿಗ್ಗೆ ಠಾಣೆಗೆ ಕಳಿಸಿದರೆ, ತಪ್ಪು ಅವರ ಕಡೆಗೆ ವಾಲುತ್ತೆ. ಅಕ್ರಮ ಬಂಧನ ಬಿಎನ್‌ಎಸ್ 127, ಒಂದು ವರ್ಷದವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ.

ಅದೇ ಹುಡುಗ ತಡೆಯೋಕೆ ಬಂದ ಜವಾನನಿಗೆ ಹೊಡೆದ ಅನ್ನಿ. ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರನ ಮೇಲೆ ಹಲ್ಲೆ, ಬಿಎನ್‌ಎಸ್ 132. ಸಂಜ್ಞೇಯ, ಜಾಮೀನುರಹಿತ. ಈಗ ಹಿಡಿಯಬಹುದು. ಒಂದು ಏಟಿಗೆ ಕಾನೂನಿನ ಚಿತ್ರವೇ ಬದಲಾಗುತ್ತೆ, ಅದಕ್ಕೇ ಕೈ ಕೈ ಮಿಲಾಯಿಸಬೇಡಿ ಅನ್ನೋದು.

ಕಲಂ_107
ಇದಕ್ಕೆ ಒಂದು ಸೂಕ್ಷ್ಮ ಸೇರಿಸ್ತೀನಿ: ಜೇಬು ತಪಾಸಣೆ. ಬಿಎನ್‌ಎಸ್‌ಎಸ್ 49ನೇ ಕಲಂ ಪ್ರಕಾರ ಖಾಸಗಿ ವ್ಯಕ್ತಿ ಹಿಡಿದುಕೊಟ್ಟಾಗ ಮೈ ತಪಾಸಣೆ ಮಾಡಬೇಕಾದವರು, ಒಪ್ಪಿಸಿಕೊಂಡ ಪೊಲೀಸ್ ಅಧಿಕಾರಿ. ಹಿಡಿದವರಲ್ಲ. ಹಿಡಿದವರು ತೆಗೆದುಕೊಳ್ಳಬಹುದಾದ್ದು 50ನೇ ಕಲಮಿನಡಿ ಅಪಾಯಕಾರಿ ಆಯುಧ ಮಾತ್ರ. ಚಾಕು ಕಿತ್ಕೊಳ್ಳಬಹುದು, ಫೋನ್ ಕಿತ್ಕೊಂಡು ಗ್ಯಾಲರಿ ತೆರೆಯೋ ಹಾಗಿಲ್ಲ. ಹೆಣ್ಣುಮಕ್ಕಳ ತಪಾಸಣೆ ಹೆಣ್ಣುಮಕ್ಕಳಿಂದಲೇ, ಮರ್ಯಾದೆಗೆ ಧಕ್ಕೆ ಬರದಂತೆ.

ಕ್ಯಾಂಪ್_ಬೆಳಗಾವಿ
ಬೆಳಗಾವಿ ಕ್ಯಾಂಪಿನ ಮಾತ ಒಂದೀಟ ಬ್ಯಾರೆ ಐತ್ರಿ. ಕರ್ನಾಟಕದಾಗ ಕಂಟೋನ್ಮೆಂಟ್ ಬೋರ್ಡ್ ಇರೂದ ಇದೊಂದ ಊರಾಗ. ಬೆಂಗಳೂರಾಗ ಕಂಟೋನ್ಮೆಂಟ್ ಅಂತ ರೈಲ್ವೆ ಸ್ಟೇಷನ್ ಐತಿ, ಬೋರ್ಡ್ ಇಲ್ಲ. ಅಲ್ಲಿ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ 1949ರಾಗ ನಗರ ಕಾರ್ಪೊರೇಷನ್‌ನ್ಯಾಗ ಕೂಡಿ ಹೋತು.

ಕಂಟೋನ್ಮೆಂಟ್‌ನ್ಯಾಗ ಮಂದಿ ಮನಿ ಕಟ್ಟಿ ಇರ್ತಾರ, ಅಂಗಡಿ ಅದಾವ, ಸಾಲಿ ಅದಾವ. ಅಲ್ಲಿ ಎಲ್ಲಾ ರಸ್ತೆ ಒಂದ ಅಲ್ಲ. ಜಮೀನಿಗೆ ವರ್ಗ ಅದಾವ. ಎ-1 ಅಂದ್ರ ಸೇನೆ ನೇರ ಬಳಸೂ ಜಾಗ, ಸಿ ಅಂದ್ರ ಬೋರ್ಡಿಗೆ ಸೇರಿದ್ದು. ನಿಮ್ಮನ್ನ ತಡದ ರಸ್ತೆ ಯಾವ ವರ್ಗದ್ದು ಅಂತ ಜನರಲ್ ಲ್ಯಾಂಡ್ ರಿಜಿಸ್ಟರ್ ನೋಡಿದ್ರ ಗೊತ್ತಾಕ್ಕತಿ. ಬೋರ್ಡಿನ ರಸ್ತೆ ಕಾಯಂ ಮುಚ್ಚಬೇಕಂದ್ರ ಕಂಟೋನ್ಮೆಂಟ್ ಕಾಯ್ದೆ 2006ರ 258ನೇ ಕಲಂ ಪ್ರಕಾರ ಮ್ಯಾಲಿನವರ ಅನುಮತಿ ಬೇಕು, ಮಂದಿಗೆ ನೋಟಿಸ್ ಕೊಟ್ಟು ತಕರಾರು ಕೇಳಬೇಕು. ರಾತ್ರೋರಾತ್ರಿ ಡ್ರಮ್ ಇಟ್ಟು ಎಂಪಿ ನಿಲ್ಲಿಸಿದ್ರ ಅದು ಮುಚ್ಚೂದಲ್ಲ, ಅಡ್ಡಗಟ್ಟೂದು. ಸಿಕಂದರಾಬಾದಿನಾಗ ಇದೇ ಜಗಳ ವರ್ಷಗಟ್ಟಲೆ ನಡೀತು. 2018ರ ಮೇ ತಿಂಗಳಾಗ ರಕ್ಷಣಾ ಸಚಿವಾಲಯ ದೇಶದ ಕಂಟೋನ್ಮೆಂಟಿನಾಗ ಹಂಗ ಮುಚ್ಚಿದ ರಸ್ತೆ ತೆರೀಬೇಕು ಅಂತ ಹೇಳಿತು.

ಇನ್ನೊಂದ್ರಿ, ಬೋರ್ಡಿನ ಅಧ್ಯಕ್ಷ ಸ್ಟೇಷನ್ ಕಮಾಂಡರ್ ಇದ್ರೂ, ಬೋರ್ಡ್ ಊರಾಡಳಿತದ ಸಂಸ್ಥೆ. ಅಕ್ರಮ ಕಟ್ಟಡದ ನೋಟಿಸ್ ಬೋರ್ಡಿನ ಸಿಇಒ ಕಡಿಂದ ಬರಬೇಕು, ಕೆಂಪು ಟೊಪಗಿ ಕಡಿಂದ ಅಲ್ಲ. ಕ್ಯಾಂಪಿನಾಗ ಕಳವಾದ್ರೂ, ಹೊಡೆದಾಟ ಆದ್ರೂ ಎಫ್‌ಐಆರ್ ಸಿವಿಲ್ ಪೊಲೀಸ್ ಠಾಣೆದಾಗ.

ಡಲ್ಲಾಸ್_ಕನ್ನಡಿಗ
ಅಮೆರಿಕದಲ್ಲಿ ಬೇಸ್ ಒಳಗೆ ಎಂಪಿಗಳು ಸಿವಿಲಿಯನ್ನರನ್ನೂ ತಡೆದು ನಿಲ್ಲಿಸಬಹುದು, ಫೆಡರಲ್ ಕೋರ್ಟಿಗೆ ಹೋಗುವ ಟಿಕೆಟ್ ಕೊಡಬಹುದು. ಬೇಸ್‌ನಿಂದ ಹೊರಗೆ ಕಳಿಸಿ "ಮತ್ತೆ ಬರಬೇಡ" ಅಂದ ಮೇಲೆ ಬಂದರೆ ಅದೇ ಒಂದು ಫೆಡರಲ್ ಅಪರಾಧ. ಬೇಸ್‌ನ ಹೊರಗೆ ಮಾತ್ರ 1878ರ ಪಾಸಿ ಕಮಿಟೇಟಸ್ ಕಾಯ್ದೆ ಸೇನೆಯ ಕೈ ಕಟ್ಟುತ್ತೆ. ನಮ್ಮಲ್ಲೂ ಅಂಥ ಕಾಯ್ದೆ ಇದೆಯಾ?

ವಕೀಲರ_ಗುಮಾಸ್ತ
ಇಲ್ಲ, ಅದೇ ಹೆಸರಿಟ್ಟ ನಿಷೇಧ ಕಾಯ್ದೆ ನಮ್ಮಲ್ಲಿಲ್ಲ. ಆ ಕೆಲಸವನ್ನ ಸಂವಿಧಾನದ ಪಟ್ಟಿಗಳು ಮಾಡ್ತವೆ. ಸಾರ್ವಜನಿಕ ಸುವ್ಯವಸ್ಥೆ ರಾಜ್ಯದ್ದು, ನಾಗರಿಕ ಆಡಳಿತದ ನೆರವಿಗೆ ಸೇನೆ ಕಳಿಸೋದು ಕೇಂದ್ರದ್ದು. ಕೇಂದ್ರ ಪಟ್ಟಿಯ 2ಎ ನಮೂದು, 1976ರ 42ನೇ ತಿದ್ದುಪಡಿಯಲ್ಲಿ ಸೇರಿದ್ದು. "ನೆರವಿಗೆ" ಅನ್ನೋ ಪದ ನೋಡಿ: ಸೇನೆ ಬರೋದು ಆಡಳಿತದ ಜೊತೆಗೆ, ಆಡಳಿತದ ಬದಲಿಗೆ ಅಲ್ಲ. ಅಮೆರಿಕದ ವಿಡಿಯೊ ನೋಡಿ ಇಲ್ಲಿನ ಗೇಟಿನಲ್ಲಿ ವಾದ ಮಾಡೋರು, ಇಲ್ಲಿನ ಎಂಪಿಯನ್ನ ಅಲ್ಲಿನ ಎಂಪಿ ಅಂದುಕೊಂಡು ಹೆದರೋರು, ಇಬ್ಬರದೂ ಒಂದೇ ಎಡವಟ್ಟು.

ಸುಂಟಿಕೊಪ್ಪ_ಕಾಫಿ
ಗಲಭೆ ಆದಾಗ ಸೇನೆ ಬಂದು ಫ್ಲ್ಯಾಗ್ ಮಾರ್ಚ್ ಮಾಡುತ್ತಲ್ಲ, ಆಗ ಎಂಪಿಗೆ ನಮ್ಮನ್ನ ಹಿಡಿಯೋ ಅಧಿಕಾರ ಬರುತ್ತಾ?

ಕಲಂ_107
ಬರುವುದು "ಎಂಪಿ"ಗೆ ಅಂತ ಅಲ್ಲ, ಸೇನೆಗೆ. ಬಿಎನ್‌ಎಸ್‌ಎಸ್ 149ನೇ ಕಲಂ: ಬೇರೆ ರೀತಿಯಲ್ಲಿ ಗುಂಪು ಚದುರಿಸೋಕೆ ಆಗದಿದ್ದಾಗ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಅವರು ಅಧಿಕಾರ ಕೊಟ್ಟ, ಸ್ಥಳದಲ್ಲಿರುವ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಸೇನೆಯಿಂದ ಚದುರಿಸಬಹುದು, ಗುಂಪಿನಲ್ಲಿದ್ದವರನ್ನು ಹಿಡಿಯಲು ಹೇಳಬಹುದು. ಹೇಗೆ ಮಾಡಬೇಕು ಅನ್ನೋದು ಸೇನಾಧಿಕಾರಿಗೆ ಬಿಟ್ಟದ್ದು, ಆದರೆ ಆದಷ್ಟು ಕಡಿಮೆ ಬಲ, ಆದಷ್ಟು ಕಡಿಮೆ ಹಾನಿ. 150ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ: ಸಾರ್ವಜನಿಕ ಸುರಕ್ಷತೆಗೆ ಎದ್ದು ಕಾಣುವ ಅಪಾಯ ಇದ್ದು, ಮ್ಯಾಜಿಸ್ಟ್ರೇಟರ ಸಂಪರ್ಕವೇ ಆಗದಿದ್ದರೆ, ಆಯೋಗ ಪಡೆದ ಸೇನಾಧಿಕಾರಿ (ಕಮಿಷನ್ಡ್ ಆಫೀಸರ್) ತಾನೇ ಗುಂಪು ಚದುರಿಸಬಹುದು, ಹಿಡಿಯಬಹುದು. ಸಂಪರ್ಕ ಸಿಕ್ಕ ಕೂಡಲೇ ಮ್ಯಾಜಿಸ್ಟ್ರೇಟ್ ಹೇಳಿದಂತೆ ನಡೆಯಬೇಕು. ಗಮನಿಸಿ, ಇಲ್ಲಿ ತೀರ್ಮಾನ ಆಯೋಗ ಪಡೆದ ಅಧಿಕಾರಿಯದು. ಹವಾಲ್ದಾರ್ ದರ್ಜೆಯ ಎಂಪಿ ತಾನಾಗಿ ಇದನ್ನ ಬಳಸೋಕೆ ಬರಲ್ಲ.

ಅಫ್‌ಸ್ಪಾ, ಅಂದರೆ ಸೇನೆಗೆ ವಿಶೇಷ ಅಧಿಕಾರ ಕೊಡುವ ಕಾಯ್ದೆ ಇರುವ ಪ್ರದೇಶದಲ್ಲಿ ಚಿತ್ರ ಬೇರೆ. 1958ರ ಆ ಕಾಯ್ದೆಯ 4ನೇ ಕಲಂ ಪ್ರಕಾರ ಘೋಷಿತ ಪ್ರದೇಶದಲ್ಲಿ ಆಯೋಗ ಪಡೆದ ಅಧಿಕಾರಿ, ವಾರಂಟ್ ಆಫೀಸರ್, ಎನ್‌ಸಿಒ ಕೂಡ ವಾರಂಟ್ ಇಲ್ಲದೆ ಸಿವಿಲಿಯನ್ನರನ್ನು ಹಿಡಿಯಬಹುದು, ಮನೆ ತಪಾಸಣೆ ಮಾಡಬಹುದು. ಎನ್‌ಸಿಒ ಅಂದ ಮೇಲೆ ಎಂಪಿ ನಾಯಕ್, ಹವಾಲ್ದಾರ್ ಕೂಡ ಬಂದರು. ಆದರೆ ಬೇರೆ ರೆಜಿಮೆಂಟಿನ ಹವಾಲ್ದಾರ್‌ಗಿಂತ ಒಂದು ಗುಲಗಂಜಿ ಹೆಚ್ಚೂ ಇಲ್ಲ. 5ನೇ ಕಲಂ ಪ್ರಕಾರ ಹಿಡಿದವರನ್ನು ಆದಷ್ಟು ಬೇಗ ಹತ್ತಿರದ ಠಾಣೆಗೆ ಒಪ್ಪಿಸಬೇಕು. 1997ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನ ಎತ್ತಿಹಿಡಿಯುವಾಗಲೇ, ಸೇನೆ ತಾನೇ ಹೊರಡಿಸಿದ ಮಾಡಬೇಕಾದ್ದು, ಮಾಡಬಾರದ್ದರ ಪಟ್ಟಿ ಪಾಲಿಸಲೇಬೇಕು ಅಂದಿತು. ಕರ್ನಾಟಕದ ಯಾವ ಜಾಗದಲ್ಲೂ ಅಫ್‌ಸ್ಪಾ ಇಲ್ಲ, ಹಾಗಾಗಿ ಕಾಶ್ಮೀರದ ಅನುಭವ ಹೇಳಿ ಹಲಸೂರಿಗೆ ಹೊಂದಿಸಬೇಡಿ.

ಮಹಿಳಾ ಮಿಲಿಟರಿ ಪೊಲೀಸರ ಮೊದಲ ತಂಡ, 83 ಮಂದಿ, 2021ರ ಮೇ 8ರಂದು ಬೆಂಗಳೂರಿನ ಕೇಂದ್ರದಿಂದಲೇ ಹೊರಬಂತು. ತಪಾಸಣೆಯಲ್ಲಿ ಹೆಂಗಸರನ್ನ ಹೆಂಗಸರೇ ನೋಡಬೇಕು ಅನ್ನೋ ನಿಯಮ ಅಂಥ ಪ್ರದೇಶದಲ್ಲಿ ಎಷ್ಟು ಮುಖ್ಯ ಅನ್ನೋದಕ್ಕೆ ಇದು ಉತ್ತರ.

ಸುಂಟಿಕೊಪ್ಪ_ಕಾಫಿ
ಕೊಡಗಿನಲ್ಲಿ ಮನೆಗೊಬ್ಬರಾದರೂ ಸೇನೆಯವರು. ಅದಕ್ಕೇ ಇನ್ನೊಂದು ಪ್ರಶ್ನೆ: ರಜೆ ಮುಗಿದರೂ ವಾಪಸ್ ಹೋಗದ ಜವಾನನನ್ನು ಹುಡುಕಿಕೊಂಡು ಎಂಪಿ ಮನೆಗೆ ಬಂದರೆ, ಅಪ್ಪ ಅಮ್ಮ ಬಾಗಿಲು ತೆಗೆಯಲೇಬೇಕಾ? ನಿವೃತ್ತರಾದವರ ಗತಿ ಏನು?

ಕಲಂ_107
ಮೊದಲು ಓಡಿಹೋದವನ ವಿಷಯ. ಸೇನಾ ಕಾಯ್ದೆ 105ನೇ ಕಲಂ ಪ್ರಕಾರ ಕಮಾಂಡಿಂಗ್ ಆಫೀಸರ್ ಸಿವಿಲ್ ಅಧಿಕಾರಿಗಳಿಗೆ ಲಿಖಿತ ಮಾಹಿತಿ ಕೊಡುತ್ತಾರೆ. ಅವರು ಮ್ಯಾಜಿಸ್ಟ್ರೇಟ್ ವಾರಂಟ್ ಇದ್ದಂತೆಯೇ ಹುಡುಕಿ ಹಿಡಿದು ಸೇನೆಗೆ ಒಪ್ಪಿಸಬೇಕು. ರಾಜ್ಯದ ಪೊಲೀಸರು ತೊರೆದು ಹೋದವನು ಅಂತ ಸಕಾರಣವಾಗಿ ನಂಬಿದವನನ್ನು ವಾರಂಟ್ ಇಲ್ಲದೆಯೂ ಹಿಡಿಯಬಹುದು, ಹಿಡಿದರೆ ತಡವಿಲ್ಲದೆ ಹತ್ತಿರದ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. 30 ದಿನ ಗೈರಾದರೆ 106ನೇ ಕಲಂ ಪ್ರಕಾರ ಕೋರ್ಟ್ ಆಫ್ ಎನ್‌ಕ್ವಯರಿ, ಅಂದರೆ ಸೇನೆಯ ಒಳವಿಚಾರಣೆ.

ಜವಾನ ರಸ್ತೆಯಲ್ಲಿ ಸಿಕ್ಕರೆ ಎಂಪಿ ನೇರ ಹಿಡಿಯಬಹುದು, ಅವನು ಕಾಯ್ದೆಗೆ ಒಳಪಟ್ಟವನು. ಆದರೆ ಮನೆ ಅಪ್ಪನದು, ಅಪ್ಪ ಸಿವಿಲಿಯನ್. ಬಾಗಿಲು ಒಡೆದು ನುಗ್ಗುವ ಅಧಿಕಾರ 107ರಲ್ಲಿ ಇಲ್ಲ. ತಿಳಿದ ಎಂಪಿಗಳು ಅದಕ್ಕೇ ಸ್ಥಳೀಯ ಠಾಣೆಯಿಂದ ಪೊಲೀಸರನ್ನ ಜೊತೆಗೆ ಕರೆದುಕೊಂಡೇ ಬರೋದು. ಹಾಗಂತ ಮಗನನ್ನ ಅಟ್ಟದ ಮೇಲೆ ಬಚ್ಚಿಟ್ಟು "ಇಲ್ಲ" ಅನ್ನಬೇಡಿ. ತೊರೆದು ಹೋದ ಸೈನಿಕನಿಗೆ ಆಶ್ರಯ ಕೊಡೋದು ಸಿವಿಲಿಯನ್ನರಿಗೇ ಅಂತ ಇರುವ ಪ್ರತ್ಯೇಕ ಅಪರಾಧ. ಗಂಡ ಅಥವಾ ಹೆಂಡತಿಗೆ ಮಾತ್ರ ಅದರಲ್ಲಿ ವಿನಾಯಿತಿ ಇದೆ, ಅಪ್ಪ ಅಮ್ಮನಿಗೆ ಇಲ್ಲ.

ನಿವೃತ್ತರು ಸಿವಿಲಿಯನ್ನರೇ. ಒಂದೇ ಬಾಲ ಉಳಿದಿರುತ್ತೆ: 123ನೇ ಕಲಂ. ಸೇವೆಯಲ್ಲಿದ್ದಾಗ ಮಾಡಿದ ಅಪರಾಧಕ್ಕೆ, ನಿವೃತ್ತಿಯ ನಂತರವೂ ಸೇನಾ ವಶಕ್ಕೆ ತೆಗೆದುಕೊಂಡು ಕೋರ್ಟ್ ಮಾರ್ಷಲ್ (ಸೇನೆಯದೇ ನ್ಯಾಯಾಲಯದ ವಿಚಾರಣೆ) ಮಾಡಬಹುದು, ಆದರೆ ವಿಚಾರಣೆ ನಿವೃತ್ತಿಯಾದ 3 ವರ್ಷದೊಳಗೆ ಶುರುವಾಗಬೇಕು. ತೊರೆದು ಹೋಗುವಿಕೆ, ದಂಗೆಯಂಥ ಕೆಲವಕ್ಕೆ ಈ ಮಿತಿ ಇಲ್ಲ. ನಿವೃತ್ತಿಯ ಮೇಲೆ ಮಾಡಿದ್ದಕ್ಕೆ ಎಂಪಿಗೆ ಸಂಬಂಧವೇ ಇಲ್ಲ. ಕ್ಯಾಂಟೀನ್ ಮದ್ಯ ಮಾರಿದರು ಅಂತ ದೂರು ಬಂದರೆ ಕ್ಯಾಂಟೀನ್ ಕಾರ್ಡ್ ರದ್ದು ಮಾಡಬಹುದು. ಮನೆ ತಪಾಸಣೆ ಅಬಕಾರಿ ಇಲಾಖೆಯ ಕೆಲಸ.

ಗೇಟ್‌ಪಾಸ್
ಯಾರು ಸಿವಿಲಿಯನ್ ಅನ್ನೋದೇ ಕೆಲವು ಸಲ ಜಾರುತ್ತೆ. ಜವಾನನ ಹೆಂಡತಿ ಮಕ್ಕಳು ಕ್ವಾರ್ಟರ್ಸ್‌ನಲ್ಲಿದ್ದರೂ ಸಿವಿಲಿಯನ್ನರು. ಎನ್‌ಸಿಸಿ ಕೆಡೆಟ್ ಸಿವಿಲಿಯನ್. ಸೇನೆಯ ಕಟ್ಟಡ ಕಾಮಗಾರಿ ನೋಡುವ ಎಂಇಎಸ್‌ನ ಸಿವಿಲಿಯನ್ ನೌಕರ ಕೂಡ. ಆದರೆ ಗಡಿ ರಸ್ತೆ ಕಟ್ಟುವ ಜಿಆರ್‌ಇಎಫ್ ನೌಕರರಿಗೆ ಸೇನಾ ಕಾಯ್ದೆಯ ಹಲವು ಕಲಂ ಅನ್ವಯವಾಗುತ್ತೆ, ಸುಪ್ರೀಂ ಕೋರ್ಟ್ 1983ರಲ್ಲಿ ಇದನ್ನ ಒಪ್ಪಿದೆ. ಟೆರಿಟೋರಿಯಲ್ ಆರ್ಮಿಯವರು ಕರೆ ಬಂದು ಸೇವೆಯಲ್ಲಿ ಇದ್ದಾಗ ಒಳಗೆ, ಅಂಗಡಿಯಲ್ಲಿ ಕೂತಿದ್ದಾಗ ಹೊರಗೆ. ಇನ್ನು 2ನೇ ಕಲಮಿನ ಕೊನೆಯಲ್ಲಿ ಒಂದು ಬಲೆ ಇದೆ: ಸಕ್ರಿಯ ಸೇವೆಯಲ್ಲಿ, ಶಿಬಿರದಲ್ಲಿ, ಪಯಣದಲ್ಲಿ ಅಥವಾ ಅಧಿಸೂಚಿತ ಗಡಿ ಠಾಣೆಯಲ್ಲಿ ಸೇನೆಯ ಜೊತೆ ಕೆಲಸ ಮಾಡುವ, ಹಿಂಬಾಲಿಸುವ ಬೇರೆಯವರೂ ಕಾಯ್ದೆಯೊಳಗೆ ಬರ್ತಾರೆ. ಹಿಮದ ಮೇಲಿನ ಪಿಕೆಟ್‌ಗೆ ಹೊರೆ ಹೊರುವ ಪೋರ್ಟರ್ ಅಂಥವನು. ಬೆಂಗಳೂರಿನ ಮೆಸ್ಸಿಗೆ ತರಕಾರಿ ಹಾಕೋ ಗುತ್ತಿಗೆದಾರ ಅಲ್ಲ.

ಅಂದಹಾಗೆ ಗೇಟಿನಲ್ಲಿರೋರೆಲ್ಲ ಎಂಪಿ ಅಲ್ಲ. ಬಹಳ ಕಡೆ ಡಿಎಸ್‌ಸಿ (ರಕ್ಷಣಾ ಭದ್ರತಾ ದಳ) ಕಾವಲುಗಾರರು, ಇಲ್ಲವೇ ಆಯಾ ಯೂನಿಟ್ಟಿನ ಗಾರ್ಡ್. ದೂರು ಕೊಡುವಾಗ "ಎಂಪಿ ಹೀಗೆ ಮಾಡಿದ" ಅಂತ ಬರೆದರೆ ಪ್ರೊವೋಸ್ಟ್ ಯೂನಿಟ್ "ನಮ್ಮವರಲ್ಲ" ಅಂತ ವಾಪಸ್ ಕಳಿಸುತ್ತೆ. ಬೆರೆಯ ಬಣ್ಣ, ತೋಳುಪಟ್ಟಿ, ಎದೆಯ ಹೆಸರುಪಟ್ಟಿ ನೋಡಿ ಬರೆದುಕೊಳ್ಳಿ.

ಹಲಸೂರು_ಕೆರೆ
ಫೋಟೊ ವಿಷಯ ಯಾರೂ ಮುಟ್ಟಲಿಲ್ಲ. ಗೋಡೆಯ ಹೊರಗಿನ ಫುಟ್‌ಪಾತ್‌ನಲ್ಲಿ ನಿಂತು ಮರದ ಫೋಟೊ ತೆಗೆದರೂ ಡಿಲೀಟ್ ಮಾಡು ಅಂತಾರೆ.

ವಕೀಲರ_ಗುಮಾಸ್ತ
ಅಧಿಕೃತ ರಹಸ್ಯಗಳ ಕಾಯ್ದೆ 1923. ಸೇನಾ ನೆಲೆಗಳು ಅದರಲ್ಲಿ "ನಿಷೇಧಿತ ಸ್ಥಳ". 3ನೇ ಕಲಮಿನ ಅಪರಾಧಕ್ಕೆ ಸುಮ್ಮನೆ ಹತ್ತಿರ ಇದ್ದರೆ ಸಾಲದು, ದೇಶದ ಸುರಕ್ಷತೆಗೆ ಅಥವಾ ಹಿತಕ್ಕೆ ಧಕ್ಕೆ ತರುವ ಉದ್ದೇಶ ಬೇಕು. ರಕ್ಷಣಾ ವಿಷಯವಾದರೆ ಶಿಕ್ಷೆ 14 ವರ್ಷದವರೆಗೆ, ಹಾಗಾಗಿ ತಮಾಷೆ ಅಲ್ಲ. 7ನೇ ಕಲಂ ಬಹಳ ಜನಕ್ಕೆ ಗೊತ್ತಿಲ್ಲ: ನಿಷೇಧಿತ ಸ್ಥಳದ ಆಸುಪಾಸಿನಲ್ಲಿ ಕಾವಲು, ಗಸ್ತು ಕೆಲಸದಲ್ಲಿರುವ ಪೊಲೀಸ್ ಅಥವಾ ಸೈನಿಕನಿಗೆ ಅಡ್ಡಿ ಮಾಡೋದು, ಬೇಕಂತ ದಾರಿ ತಪ್ಪಿಸೋದು ಅಪರಾಧ, 3 ವರ್ಷದವರೆಗೆ. ಸೆಂಟ್ರಿ "ಯಾರು, ಎಲ್ಲಿಗೆ" ಅಂದಾಗ ಸುಳ್ಳು ಹೆಸರು ಹೇಳಿದರೆ ಇದರೊಳಗೆ ಬೀಳಬಹುದು. ಇಡೀ ಚರ್ಚೆಯಲ್ಲಿ ಸಿವಿಲಿಯನ್ನರಿಗೆ ನಿಜವಾಗಿ ಕಚ್ಚುವ ಕಾನೂನು ಇದೊಂದೇ ಅಂತ ನನ್ನ ಅಭಿಪ್ರಾಯ.

ಡಿಲೀಟ್ ಮಾಡು ಅನ್ನೋದಕ್ಕೆ ಆಧಾರ ಇಲ್ಲ, ಬುದ್ಧಿವಂತಿಕೆಯೂ ಅಲ್ಲ. ನಿಜಕ್ಕೂ ಗೂಢಚರ್ಯೆಯ ಅನುಮಾನ ಇದ್ದರೆ ಅಳಿಸಿದಾಗ ಸಾಕ್ಷ್ಯವೇ ಹೋಯ್ತು. ಅನುಮಾನ ಇಲ್ಲದಿದ್ದರೆ ಅಳಿಸೋದು ಯಾಕೆ? ಸರಿಯಾದ ದಾರಿ: ಅಲ್ಲೇ ನಿಲ್ಲಿಸಿ 112ಕ್ಕೆ ಕರೆ, ಪೊಲೀಸರು ಬಂದು ನೋಡಲಿ. ನೀವೂ ಅದನ್ನೇ ಹೇಳಿ: "ನಾನು ಓಡಿಹೋಗಲ್ಲ, ಪೊಲೀಸರನ್ನ ಕರೀರಿ." ಈ ಒಂದು ವಾಕ್ಯಕ್ಕೆ ಎಷ್ಟೋ ಜಗಳ ತಣ್ಣಗಾಗುತ್ತೆ. ಆದರೆ ಗೇಟು, ಕಾವಲು ಗೋಪುರ, ವಾಹನದ ಸಾಲು ಫ್ರೇಮಿನಲ್ಲಿ ಇದ್ದರೆ, ಮರದ ನೆಪ ಹೇಳಬೇಡಿ. ರಾತ್ರಿ ಹೊತ್ತು ಸೆಂಟ್ರಿ "ಥಮ್" ಅಂದರೆ ಮೊದಲು ನಿಲ್ಲಿ, ಕೈ ಕಾಣುವಂತೆ ಇಡಿ. ಕಲಂ ಸಂಖ್ಯೆ ಆಮೇಲೆ ಹೇಳೋಣ.

ಕ್ಯಾಂಪ್_ಬೆಳಗಾವಿ
ಬಾರಿನಾಗ ಜವಾನರಿಗೂ ಊರ ಹುಡುಗರಿಗೂ ಜಗಳಾ ಆದ್ರ ಎಂಪಿ ಗಾಡಿ ಬಂದು ತಮ್ಮವರನ್ನ ಎತ್ತಿಕೊಂಡು ಹೊಕ್ಕತಿ. ಪೆಟ್ಟ ತಿಂದ ಹುಡುಗ "ಅವರ ಕೇಸ ಅವರ ನೋಡ್ಕೋತಾರ" ಅಂತ ಸುಮ್ನ ಕುಂತ್ರ ಕೇಸ ಅಲ್ಲೇ ಸತ್ತಂಗ.

ಕಲಂ_107
ನಿಜ. ಎಂಪಿ ತಮ್ಮ ಜವಾನನನ್ನ ಒಯ್ಯಬಹುದು, ಅದು ಅವರ ಕೆಲಸ. ಆದರೆ ಅದರಿಂದ ಪೊಲೀಸರ ಅಧಿಕಾರ ಹೋಗಲ್ಲ. ಆಸ್ಪತ್ರೆಯಲ್ಲಿ ಗಾಯದ ಮೆಡಿಕೋ-ಲೀಗಲ್ ದಾಖಲೆ ಮಾಡಿಸಿ, ಬಿಎನ್‌ಎಸ್‌ಎಸ್ 173ರಲ್ಲಿ ಎಫ್‌ಐಆರ್ ಹಾಕಿಸಿ. ಕೋರ್ಟ್ ಮಾರ್ಷಲ್ಲೋ ಸಾಮಾನ್ಯ ಕ್ರಿಮಿನಲ್ ಕೋರ್ಟೋ ಅನ್ನೋದನ್ನ ಸೇನಾ ಕಾಯ್ದೆಯ 125 ಮತ್ತು 126ನೇ ಕಲಂ ತೀರ್ಮಾನಿಸುತ್ತವೆ, ಮ್ಯಾಜಿಸ್ಟ್ರೇಟ್ ಕಮಾಂಡಿಂಗ್ ಆಫೀಸರ್‌ಗೆ ನೋಟಿಸ್ ಕೊಡುತ್ತಾರೆ, ಒಮ್ಮತ ಬರದಿದ್ದರೆ ಕೇಂದ್ರ ಸರ್ಕಾರದ ಮಾತೇ ಕೊನೆ. ಕೊಲೆ, ಅತ್ಯಾಚಾರದಂಥದ್ದು ಸಿವಿಲಿಯನ್ ಮೇಲೆ ನಡೆದಿದ್ದರೆ 70ನೇ ಕಲಂ ಕೋರ್ಟ್ ಮಾರ್ಷಲ್ಲಿಗೆ ಬಾಗಿಲು ಮುಚ್ಚುತ್ತೆ. ಸಕ್ರಿಯ ಸೇವೆ, ವಿದೇಶ, ಅಧಿಸೂಚಿತ ಗಡಿ ಠಾಣೆ, ಇವಿಷ್ಟೇ ಹೊರತು.

ಎಂಪಿಯೇ ಅಕ್ರಮವಾಗಿ ಕೂಡಿಹಾಕಿದರೆ ದಾರಿ ಎರಡು, ಎರಡನ್ನೂ ಒಟ್ಟಿಗೆ ಹಿಡಿಯಬಹುದು. ಒಂದು ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ಗೆ ಲಿಖಿತ ದೂರು: ದಿನ, ಗಂಟೆ, ಜಾಗ, ವಾಹನದ ಸಂಖ್ಯೆ, ಹೆಸರುಪಟ್ಟಿ. ಇನ್ನೊಂದು ಎಫ್‌ಐಆರ್. "ಸೈನಿಕರ ಮೇಲೆ ಎಫ್‌ಐಆರ್ ಹಾಕಂಗಿಲ್ಲ" ಅಂತ ಠಾಣೆಯಲ್ಲಿ ಹೇಳಿದರೆ ಅದು ತಪ್ಪು ತಿಳಿವಳಿಕೆ. ಬಿಎನ್‌ಎಸ್‌ಎಸ್ 42ನೇ ಕಲಂ ತಡೆಯೋದು ಕರ್ತವ್ಯ ನಿರ್ವಹಣೆಯಲ್ಲಿ ಮಾಡಿದ್ದಕ್ಕೆ ಕೇಂದ್ರದ ಒಪ್ಪಿಗೆ ಇಲ್ಲದ ದಸ್ತಗಿರಿಯನ್ನ. 218ನೇ ಕಲಂ ತಡೆಯೋದು ಮಂಜೂರಾತಿ ಇಲ್ಲದೆ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳೋದನ್ನ. ಎಫ್‌ಐಆರ್‌ಗೆ ಎರಡೂ ಅಡ್ಡಿ ಅಲ್ಲ.

ಯಾರನ್ನಾದರೂ ಒಯ್ದು ಎಲ್ಲಿದ್ದಾರೆ ಅಂತಲೇ ಹೇಳದಿದ್ದರೆ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್, ಅಂದರೆ ಒಯ್ದವರನ್ನ ಕೋರ್ಟಿಗೆ ಹಾಜರುಪಡಿಸಿ ಅನ್ನೋ ಅರ್ಜಿ. 1982ರಲ್ಲಿ ಮಣಿಪುರದಲ್ಲಿ ಸೇನೆ ಒಯ್ದ ಇಬ್ಬರು ಮರಳಲೇ ಇಲ್ಲ. ಸೆಬಾಸ್ಟಿಯನ್ ಹೊಂಗ್ರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲಿ ಅವರ ಹೆಂಡತಿಯರಿಗೆ ತಲಾ 1 ಲಕ್ಷ ರೂಪಾಯಿ ಕೊಡಿಸಿತು. ಆ ಕಾಲಕ್ಕೆ ಅದು ಸಣ್ಣ ಮೊತ್ತ ಅಲ್ಲ.

ಗೇಟ್‌ಪಾಸ್
ನಕಲಿಗಳ ಬಗ್ಗೆಯೂ ಎಚ್ಚರ ಇರಲಿ. ವಿಡಿಯೊ ಕಾಲ್‌ನಲ್ಲಿ ಸೇನೆಯ ಸಮವಸ್ತ್ರ ಹಾಕಿ "ಮಿಲಿಟರಿ ಪೊಲೀಸ್, ನಿಮ್ಮ ಮೇಲೆ ವಾರಂಟ್" ಅಂತ ಯಾರಾದರೂ ಹೇಳಿದರೆ ಅದು ನೂರಕ್ಕೆ ನೂರು ಮೋಸ, ಮೇಲೆ ಹೇಳಿದ ಯಾವ ಕಲಮಿನಲ್ಲೂ ಅಂಥದ್ದು ಇಲ್ಲ. ಸೈನಿಕ ಅಂತ ನಂಬಿಸೋಕೆ ಸಮವಸ್ತ್ರ ಹಾಕೋದೇ ಬಿಎನ್‌ಎಸ್ 168ರಡಿ ಅಪರಾಧ. ಸೈಬರ್ ವಂಚನೆಗೆ ಸಹಾಯವಾಣಿ 1930.

ಹಲಸೂರು_ಕೆರೆ
ಕೊನೆಗೊಂದು. ಹೊಡೆದಾಟ ನೋಡಿದ ಅಂಗಡಿಯವರಿಗೆ "ಪ್ರೊವೋಸ್ಟ್ ಆಫೀಸಿಗೆ ಬಂದು ಹೇಳಿಕೆ ಕೊಡಿ" ಅಂತ ಎಂಪಿ ಫೋನ್ ಮಾಡಿದರೆ ಹೋಗಲೇಬೇಕಾ?

ವಕೀಲರ_ಗುಮಾಸ್ತ
ಫೋನಿಗೆ ಹೋಗೋದು ಬಿಡೋದು ಅವರ ಇಷ್ಟ. ಸಾಕ್ಷಿಯನ್ನ ಕರೆಸಿ ವಿಚಾರಿಸುವ ಬಿಎನ್‌ಎಸ್‌ಎಸ್ 179, 180ರ ಅಧಿಕಾರ ತನಿಖೆ ಮಾಡುವ ಪೊಲೀಸರಿಗೆ ಮಾತ್ರ. ಹೋಗಿ ಹೇಳಿದರೆ ತಪ್ಪೇನಿಲ್ಲ, ಜವಾನನ ಮೇಲೆ ಕ್ರಮ ಆಗೋಕೆ ಸಹಾಯವೇ ಆದೀತು. ಬರೆದುಕೊಂಡದ್ದನ್ನ ಓದಿಸಿ ಕೇಳದೆ ಸಹಿ ಹಾಕಬೇಡಿ. ಹಿಂದಿಯಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಆದರೆ ಕೋರ್ಟ್ ಮಾರ್ಷಲ್ ಶುರುವಾಗಿ ಸಮನ್ಸ್ ಬಂದರೆ ಬೇರೆ ಮಾತು. ಸೇನಾ ಕಾಯ್ದೆ 135ನೇ ಕಲಂ ಪ್ರಕಾರ ಸಿವಿಲಿಯನ್ ಸಾಕ್ಷಿಗೆ ಸಮನ್ಸ್ ನೇರ ಬರಲ್ಲ, ಅವರಿರುವ ಊರಿನ ಮ್ಯಾಜಿಸ್ಟ್ರೇಟ್ ಮೂಲಕ ಬರುತ್ತೆ, ತಮ್ಮದೇ ಕೋರ್ಟಿಗೆ ಕರೆದಂತೆ ಅವರು ಜಾರಿ ಮಾಡ್ತಾರೆ. ಅದಕ್ಕೆ ಹೋಗಲೇಬೇಕು.